ವಿಂಡೋಸ್ 10 ಮುಗೀತು, ಬಜೆಟ್ 30 ಸಾವಿರ. ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಳ್ಳಲಾ?

ಚಿಗರಿಯಲ್ಲಿ ನಿಂತವ

ನಮಸ್ಕಾರ ಎಲ್ಲರಿಗೂ. ಮನೆ ಉಣಕಲ್ ಕೆರೆ ಹತ್ತಿರ, ಕೆಲಸ ಧಾರವಾಡದಲ್ಲಿ. ದಿನಾ ಚಿಗರಿ ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬರುತ್ತೇನೆ, ಹೆಸರು ಅದಕ್ಕೇ.

ಮನೆಯಲ್ಲಿ 2016ರ ಡೆಸ್ಕ್‌ಟಾಪ್ ಒಂದಿದೆ. ಐ5-6500, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಸ್ವಿಚ್ ಒತ್ತಿ, ಚಹಾ ಕಾಸಿ ಕುಡಿದು ಬಂದರೆ ಆಗ ಐಕಾನ್ ಕಾಣಿಸುತ್ತವೆ. ಹೇಗೋ ನಡೀತಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಅಪ್‌ಡೇಟ್ ನಿಂತ ಮೇಲೆ ತಲೆಬಿಸಿ ಶುರುವಾಯಿತು. ವಿಂಡೋಸ್ 11 ಹಿಡಿಸುತ್ತಾ ಅಂತ ಹೇಳೋ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಓಡಿಸಿ ನೋಡಿದೆ. ಪ್ರೊಸೆಸರ್ ಆಗಲ್ಲ ಅಂತು.

ಬಳಸೋರು ಮೂವರು. ತಂಗಿ ಬಿಸಿಎ ಓದುತ್ತಾಳೆ, ಅವಳಿಗೆ ಕಾಲೇಜಿಗೆ ಒಯ್ಯೋಕೆ ಬೇಕು. ಅಪ್ಪ ರಿಟೈರ್ ಆಗಿದ್ದಾರೆ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುತ್ತಾರೆ, ಪೆನ್ಷನ್ ಲೆಕ್ಕ ನೋಡುತ್ತಾರೆ. ನಾನು ರಾತ್ರಿ ಸ್ವಲ್ಪ ಕೋಡಿಂಗ್, ಸ್ವಲ್ಪ ಫೋಟೊ ಎಡಿಟಿಂಗ್.

ಕೊಪ್ಪೀಕರ್ ರೋಡ್‌ನಿಂದ ಶುರು ಮಾಡಿ ಮೂರ್ನಾಲ್ಕು ಅಂಗಡಿ ಸುತ್ತಿದೆ. ಒಂದು ಕಡೆ ಥಿಂಕ್‌ಪ್ಯಾಡ್ ಟಿ470, ಐ5 7ನೇ ಜನರೇಷನ್, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ, ₹17,500. "ವಿಂಡೋಸ್ 11, ಆಫೀಸ್, ಫೋಟೊಶಾಪ್ ಎಲ್ಲಾ ಹಾಕಿ ಕೊಡ್ತೀವಿ, ಲೈಫ್‌ಟೈಮ್" ಅಂದರು. ಇನ್ನೊಂದು ಕಡೆ ಟಿ480, ಐ5 8ನೇ ಜನರೇಷನ್, 16 ಜಿಬಿ, ₹24,000. ನೋಡೋಕೆ ಎರಡೂ ಅವಳಿ ಜವಳಿ. ಒಂದೇ ಒಂದು ಅಂಕಿ ಹೆಚ್ಚಾಗಿದ್ದಕ್ಕೆ 6,500 ಜಾಸ್ತಿ ಕೊಡೋದು ಸರೀನಾ?

ಸೋಲ್ಡರ್ ಕಾಕಾ

ತಮ್ಮಾ, ಸರಿ. ಕಣ್ಣು ಮುಚ್ಚಿಕೊಂಡು ಎರಡನೇದು ತಗೋ. ಆದರೆ ಕಣ್ಣು ತೆರೆದುಕೊಂಡು ಚೆಕ್ ಮಾಡು.

ಆ ಒಂದು ಅಂಕಿಯಲ್ಲಿ ಎರಡು ವಿಷಯ ಇವೆ. ಮೊದಲನೇದು ಸ್ಪೀಡ್. ಟಿ470ಯಲ್ಲಿ ಬರುವ ಐ5-7200ಯು ಅನ್ನೋದು ಎರಡೇ ಕೋರ್. ಟಿ480ಯ ಐ5-8250ಯು ನಾಲ್ಕು ಕೋರ್. ಹೆಸರು ಎರಡಕ್ಕೂ ಐ5 ಅಂತಲೇ, ಒಳಗೆ ಎತ್ತು ಎರಡರ ಬದಲು ನಾಲ್ಕು. ಎರಡನೇದು ಸ್ಪೀಡಿಗಿಂತ ಮುಖ್ಯ. ಮೈಕ್ರೋಸಾಫ್ಟ್‌ನವರು ವಿಂಡೋಸ್ 11ಕ್ಕೆ ಗೆರೆ ಎಳೆದದ್ದು ಸರಿಯಾಗಿ ಅಲ್ಲೇ, 7ಕ್ಕೂ 8ಕ್ಕೂ ನಡುವೆ. ಇಂಟೆಲ್ 8ನೇ ಜನರೇಷನ್‌ನಿಂದ ಮೇಲೆ, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್, ಆನ್ ಆಗುವಾಗಲೇ ತಪಾಸಣೆ ಮಾಡೋ ಸೆಕ್ಯೂರ್ ಬೂಟ್ ಬೇಕು. ಎಎಂಡಿಯಲ್ಲಿ ರೈಜನ್ 2000ದಿಂದ ಅಂತಾರೆ, ಅದರಲ್ಲೂ 2200ಜಿ, 2400ಜಿ ಪಟ್ಟಿಯಲ್ಲಿಲ್ಲ. ಒಳಗಿನ ವಿನ್ಯಾಸ ಹಿಂದಿನ ಸಾಲಿನದು, ಹೆಸರಷ್ಟೇ 2000.

"ಹಾಗಾದರೆ ಅಂಗಡಿಯವರು ಟಿ470ಗೆ 11 ಹೇಗೆ ಹಾಕಿ ಕೊಡ್ತಾರೆ?" ಅಂತ ಕೇಳ್ತೀಯ. ಇನ್‌ಸ್ಟಾಲ್ ಮಾಡುವಾಗ ಆ ತಪಾಸಣೆ ತಪ್ಪಿಸೋ ದಾರಿ ಇದೆ, ಎಲ್ಲರಿಗೂ ಗೊತ್ತು. ಓಡುತ್ತೆ, ಸುಳ್ಳಲ್ಲ. ಆದರೆ ವಿಂಡೋಸ್ 11ರ ಪ್ರತಿ ವರ್ಷದ ಆವೃತ್ತಿಗೆ ಹೋಮ್, ಪ್ರೊ ಎರಡರಲ್ಲೂ 24 ತಿಂಗಳಷ್ಟೇ ಆಯುಷ್ಯ. ಹೊಸ ಆವೃತ್ತಿ ಇಂಥ ಮಷೀನಿಗೆ ತಾನಾಗಿ ಬರಲ್ಲ. ಎರಡು ವರ್ಷ ಕಳೆದ ಮೇಲೆ ನೀನು ಈಗ ಎಲ್ಲಿ ನಿಂತಿದ್ದೀಯೋ ಅಲ್ಲೇ ಬಂದು ನಿಲ್ಲುತ್ತೀಯ, 17,500 ಕಳೆದುಕೊಂಡು.

ನಂಬರ್ ಓದೋಕೆ ಕಲಿತುಕೋ. 8250ಯು ಅಂದರೆ ಮೊದಲ ಅಂಕಿ 8, ಎಂಟನೇದು. 10210ಯು ಹತ್ತನೇದು. 1135ಜಿ7 ಹನ್ನೊಂದನೇದು, ಮೊದಲನೇದಲ್ಲ! "ಐ7 ಐತ್ರಿ" ಅಂತ ಆಸೆ ತೋರಿಸಿ 4ನೇ ಜನರೇಷನ್ ಐ7 ಕೊಟ್ಟು ಕಳಿಸಿದ್ದನ್ನು ನಾನೇ ನೋಡಿದ್ದೇನೆ.

ಅಂಗಡಿ ಕೌಂಟರ್‌ನಲ್ಲಿ ಏನು ಮಾಡಬೇಕು ಅಂತ ರಾತ್ರಿ ಬರೆಯುತ್ತೇನೆ. ಈಗ ಟೇಬಲ್ ಮೇಲೆ ಒಂದು ಬೋರ್ಡ್ ಬಿಚ್ಚಿಟ್ಟಿದ್ದೇನೆ.

ಸಪ್ತಾಪುರ ಪಿಜಿ

"ಲೈಫ್‌ಟೈಮ್" ಅನ್ನೋ ಪದ ಓದಿ ಮೈ ಉರೀತು. ಅಣ್ಣಾ, ಆ ಪದ ಹೇಳಿದ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ. ನನ್ನ ಕಥೆ ಕೇಳಿ, ಯಾವ ಅಂಗಡಿ ಅಂತ ಮಾತ್ರ ಕೇಳಬೇಡಿ.

ಧಾರವಾಡದಲ್ಲಿ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಅಂತ ಹೋದ ವರ್ಷ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ. ವಿಂಡೋಸ್, ಆಫೀಸ್ ಎಲ್ಲಾ ಆಕ್ಟಿವೇಟ್ ಆಗಿತ್ತು. ಖುಷಿ. ಮೂರು ವಾರ ಆಗಿರಬೇಕು, ಬೆಳಿಗ್ಗೆ ಏಳೋ ಹೊತ್ತಿಗೆ ಫೋನಿನಲ್ಲಿ ಹದಿನೇಳು ಮಿಸ್ಡ್ ಕಾಲ್. ನನ್ನ ಮೇಲ್‌ನಿಂದ ಎಲ್ಲರಿಗೂ ಏನೋ ಲಿಂಕ್ ಹೋಗಿದೆ. ನನ್ನ ಫೋಟೊ ಹಾಕುವ ಅಕೌಂಟಿಗೆ ಬೇರೆ ಹೆಸರು, ಬೇರೆ ಡಿಪಿ, ಕ್ರಿಪ್ಟೊ ಜಾಹೀರಾತು. ಅಕ್ಕನಂತೂ ನಾನೇ ದುಡ್ಡು ಹಾಕಿದ್ದೇನೆ ಅಂತ ಬೈಯೋಕೆ ಶುರು ಮಾಡಿದಳು.

ತಲೆ ಕೆಟ್ಟದ್ದು ಇದಕ್ಕೆ: ಪಾಸ್‌ವರ್ಡ್ ಜೊತೆ ಒಟಿಪಿಯನ್ನೂ ಕೇಳೋ ಟೂ ಸ್ಟೆಪ್ ಇಟ್ಟಿದ್ದೆ. ಒಂದೇ ಒಂದು ಒಟಿಪಿ ಬಂದಿರಲಿಲ್ಲ.

ಪಕ್ಕದ ರೂಮಿನ ಸೀನಿಯರ್ ಬಂದು ಕೂತರು. ವಿಂಡೋಸ್ ಸೆಕ್ಯೂರಿಟಿ ತೆಗೆದರು, ವೈರಸ್ ಪ್ರೊಟೆಕ್ಷನ್ ಸೆಟ್ಟಿಂಗ್ಸ್, ಎಲ್ಲಾ ಕೆಳಗೆ ಇಳಿದು ಎಕ್ಸ್‌ಕ್ಲೂಷನ್ಸ್, ಅಂದರೆ ವೈರಸ್ ತಪಾಸಣೆ ಮಾಡದೆ ಬಿಡೋ ಜಾಗಗಳ ಪಟ್ಟಿ. ಅಲ್ಲಿ ಒಂದೇ ಸಾಲು ಇತ್ತು. ಸಿ, ಕೋಲನ್, ಬ್ಯಾಕ್‌ಸ್ಲ್ಯಾಷ್. ಅಷ್ಟೇ. ಇಡೀ ಸಿ ಡ್ರೈವ್. ಗೇಟಿಗೆ ವಾಚ್‌ಮನ್ ಇಟ್ಟು, ಮನೆ ಒಳಗೆ ಏನಾದರೂ ಆಗಲಿ ನೀನು ತಿರುಗಿ ನೋಡಬೇಡ ಅಂತ ಹೇಳಿದ ಹಾಗೆ. ದುಡ್ಡು ಕೊಡದೆ ವಿಂಡೋಸ್, ಆಫೀಸ್ ಅಸಲಿ ಅನ್ನಿಸೋ ಕಳ್ಳ ಪ್ರೋಗ್ರಾಮ್‌ಗೆ ಆಕ್ಟಿವೇಟರ್ ಅಂತಾರೆ. ಅದನ್ನು ವಿಂಡೋಸ್‌ನದೇ ಆ್ಯಂಟಿವೈರಸ್ ಡಿಫೆಂಡರ್ ಹಿಡಿಯುತ್ತೆ, ಹಿಡಿಯಬಾರದು ಅಂತ ಮಾಡಿಟ್ಟದ್ದು. ಆಕ್ಟಿವೇಟರ್ ಜೊತೆಗೆ ಇನ್ನೊಂದು ಬಂದು ಕೂತಿತ್ತು, ಅದನ್ನೂ ಯಾರೂ ಹಿಡಿಯಲಿಲ್ಲ.

ಒಟಿಪಿ ಯಾಕೆ ಬರಲಿಲ್ಲ ಅಂದರೆ, ಕಳ್ಳ ಪಾಸ್‌ವರ್ಡ್ ಹಾಕಲೇ ಇಲ್ಲ. ನಾವು ಒಮ್ಮೆ ಲಾಗಿನ್ ಆದ ಮೇಲೆ ಸೈಟು ಬ್ರೌಸರ್ ಕೈಗೆ ಒಂದು ಚೀಟಿ ಕೊಡುತ್ತೆ. ಕುಕಿ ಅಂತಾರೆ. ಮುಂದಿನ ಸಲ ಪಾಸ್‌ವರ್ಡೂ ಕೇಳಲ್ಲ, ಒಟಿಪಿನೂ ಕೇಳಲ್ಲ, ಚೀಟಿ ನೋಡಿ ಒಳಗೆ ಬಿಡುತ್ತೆ. ಆ ಚೀಟಿಯನ್ನೇ ನಕಲು ಮಾಡಿಕೊಂಡು ಹೋಗೋ ವೈರಸ್‌ಗಳಿವೆ.

ನಾನು ಇನ್ನೊಂದು ದಡ್ಡತನ ಮಾಡಿದೆ. ಗಾಬರಿಯಲ್ಲಿ ಅದೇ ಲ್ಯಾಪ್‌ಟಾಪ್‌ನಲ್ಲಿ ಕೂತು ಪಾಸ್‌ವರ್ಡ್ ಬದಲಿಸಿದೆ. ಅದೂ ಹೋಯಿತು. ಮೊದಲು ಫೋನಿನಿಂದ ಎಲ್ಲಾ ಕಡೆಯ ಲಾಗಿನ್ ತೆಗೆಯಬೇಕು, ಆಮೇಲೆ ಫೋನಿನಲ್ಲೇ ಪಾಸ್‌ವರ್ಡ್ ಬದಲಿಸಬೇಕು, ಲ್ಯಾಪ್‌ಟಾಪ್ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕೋವರೆಗೂ ಅದರಲ್ಲಿ ಎಲ್ಲೂ ಲಾಗಿನ್ ಆಗಬಾರದು. ನನಗೆ ಮೇಲ್ ವಾಪಸ್ ಸಿಕ್ಕಿತು. ಫೋಟೊ ಅಕೌಂಟ್ ಸಿಗಲಿಲ್ಲ. ಆರು ವರ್ಷದ ಫೋಟೊ.

ಎಫ್‌ಪಿಎಸ್ ಹುಚ್ಚ

ಅಯ್ಯೋ ಅಕ್ಕಾ, ಇಷ್ಟೆಲ್ಲಾ ಹೆದರಿಸಬೇಡಿ. ನಾನು ಎಂಟು ವರ್ಷದಿಂದ ಆಕ್ಟಿವೇಟರ್ ಹಾಕ್ಕೊಂಡೇ ಓಡಿಸ್ತಿದ್ದೀನಿ, ಏನೂ ಆಗಿಲ್ಲ.

ಅಣ್ಣಾ, ನೀವು ಲ್ಯಾಪ್‌ಟಾಪ್ ಬಿಡಿ. ರೈಜನ್ 5 5600ಜಿ ಹಾಕಿ ಪಿಸಿ ಕಟ್ಟಿ. ಗ್ರಾಫಿಕ್ಸ್ ಒಳಗೇ ಇದೆ, ಆರು ಕೋರ್, ಸಣ್ಣಪುಟ್ಟ ಗೇಮ್ ಓಡುತ್ತೆ. ಮುಂದೆ ದುಡ್ಡು ಬಂದಾಗ ಕಾರ್ಡ್ ಹಾಕಿದರಾಯ್ತು.

ಸಪ್ತಾಪುರ ಪಿಜಿ

ಅವರ ತಂಗಿ ಆ ಪಿಸಿನ ಕಾಲೇಜಿಗೆ ಹೊತ್ತುಕೊಂಡು ಹೋಗ್ತಾಳಾ?

ಸೋಲ್ಡರ್ ಕಾಕಾ

ಬಂದೆ. ಊಟ ಆಯಿತು.

ಗೇಮಿನ ತಮ್ಮಾ, 5600ಜಿ ಒಳ್ಳೆ ಚಿಪ್. ಒಂದು ವರ್ಷದ ಹಿಂದೆ ಆಗಿದ್ದರೆ ನಾನೂ ಅದನ್ನೇ ಹೇಳ್ತಿದ್ದೆ. ಈಗ ರ‍್ಯಾಮ್ ದರ ಕೇಳಿದ್ದೀಯಾ? ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಹೋಗ್ತಿದೆ, ನಮಗೆ ಉಳಿದದ್ದು ದುಬಾರಿ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್‌ನವರು ಕ್ರೂಷಿಯಲ್ ಹೆಸರಿನಲ್ಲಿ ನಮ್ಮಂಥವರಿಗೆ ಮಾರೋದನ್ನೇ ನಿಲ್ಲಿಸ್ತೀವಿ ಅಂದುಬಿಟ್ಟರು. ಅದಕ್ಕೇ ಈಗ ಹಳೆ ಲ್ಯಾಪ್‌ಟಾಪ್ ತಗೊಳ್ಳೋರಿಗೆ ನನ್ನ ಮಾತು ಒಂದೇ: 8 ಜಿಬಿದು ತಗೊಂಡು ಆಮೇಲೆ ಹಾಕಿಸ್ತೀನಿ ಅನ್ನಬೇಡಿ, 16 ಇರೋದನ್ನೇ ನೋಡಿ. ಟಿ480ಯಲ್ಲಿ ಎರಡು ಸ್ಲಾಟ್ ಇವೆ. ಅದರ ತೆಳ್ಳಗಿನ ತಂಗಿ ಟಿ480ಎಸ್‌ನಲ್ಲೂ, ನಂತರ ಬಂದ ಟಿ490ಯಲ್ಲೂ ಅರ್ಧ ರ‍್ಯಾಮ್ ಬೋರ್ಡಿಗೇ ಬೆಸುಗೆ. ಅದು ಕೆಟ್ಟರೆ ನನ್ನಂಥವರ ಮನೆಗೆ ಬರಬೇಕು, ನನಗೇನೋ ಒಳ್ಳೇದೇ.

ಈಗ ಆಕ್ಟಿವೇಟರ್ ವಿಷಯ. ಇದರಲ್ಲಿ ನಗು ಬರೋ ಮಾತು ಒಂದಿದೆ. ಕಂಪನಿಗಳಿಂದ ಬರುವ ಈ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಫ್ಯಾಕ್ಟರಿಯಲ್ಲೇ ವಿಂಡೋಸ್ ಪ್ರೊ ಕೀ ತುಂಬಿ ಬಂದಿರುತ್ತೆ. ಸ್ಟಿಕ್ಕರ್ ಅಲ್ಲ, ಮದರ್‌ಬೋರ್ಡ್‌ನ ಬಯೋಸ್ ಚಿಪ್ ಒಳಗೆ. ಬಯೋಸ್ ಅಂದರೆ ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ಓಡೋದು. ಮೈಕ್ರೋಸಾಫ್ಟ್ ಸೈಟಿನಿಂದ ವಿಂಡೋಸ್ 11 ಪೆನ್‌ಡ್ರೈವ್ ಮಾಡಿಕೊಂಡು ಹೊಸದಾಗಿ ಹಾಕಿದರೆ, ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತೆ. ವಿಂಡೋಸ್ 10ರ ಕೀ ಇದ್ದರೂ ನಡೆಯುತ್ತೆ. ದುಡ್ಡು ಕೊಡೋದು ಬೇಡ, ಕಳ್ಳತನವೂ ಬೇಡ. ಆ ಹುಡುಗಿಯ ಲ್ಯಾಪ್‌ಟಾಪ್‌ಗೂ ಕ್ರ್ಯಾಕ್ ಬೇಕಾಗಿಯೇ ಇರಲಿಲ್ಲ ಅಂತ ನನ್ನ ಅನುಮಾನ.

ಹಾಗಾದರೆ ಯಾಕೆ ಹಾಕ್ತಾರೆ? ಸುಳ್ಳು ಯಾಕೆ ಹೇಳಲಿ, ಹತ್ತು ವರ್ಷದ ಹಿಂದೆ ನಾನೂ ಅದನ್ನೇ ಮಾಡ್ತಿದ್ದೆ. ಒಂದು ಹಾರ್ಡ್‌ಡಿಸ್ಕ್‌ನಲ್ಲಿ ಎಲ್ಲಾ ಹಾಕಿ, ಕ್ರ್ಯಾಕ್ ಮಾಡಿ, ಅದರದೇ ನಕಲು ನಲವತ್ತು ಮಷೀನಿಗೆ. ಒಂದೊಂದಕ್ಕೆ ಹತ್ತು ನಿಮಿಷ. ಹೊಸದಾಗಿ ಹಾಕಿ, ಡ್ರೈವರ್ ಹಾಕಿ, ಅಪ್‌ಡೇಟ್ ಮಾಡೋಕೆ ಒಂದೂವರೆ ಗಂಟೆ. ಗಿರಾಕಿ ಎದುರಿಗೆ ನಿಂತು ವಾಚ್ ನೋಡ್ತಿರುತ್ತಾನೆ. ಆ ಕ್ರ್ಯಾಕ್ ಫೈಲ್ ನನಗೆ ಕೊಟ್ಟವನು ಯಾರೋ, ಅವನಿಗೆ ಕೊಟ್ಟವನು ಯಾರೋ. ಒಳಗೆ ಏನಿತ್ತು ಅಂತ ನಾನು ಒಂದು ದಿನವೂ ನೋಡಲಿಲ್ಲ.

ಗೇಮಿನ ತಮ್ಮಾ, ನಿನಗೆ ಏನೂ ಆಗಿಲ್ಲ ಅಂದೆ. ಎಕ್ಸ್‌ಕ್ಲೂಷನ್ಸ್ ಪಟ್ಟಿ ತೆಗೆದು ನೋಡಿದ್ದೀಯಾ?

ಇನ್ನು ಕೌಂಟರ್ ಮೇಲಿನ ಕೆಲಸ. ಚಾರ್ಜರ್ ಕಿತ್ತು ನೋಡು, ಬ್ಯಾಟರಿ ಮೇಲೆ ನಿಲ್ಲುತ್ತಾ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಸ್ಪೇಸ್, ಸ್ಲ್ಯಾಷ್, ಬ್ಯಾಟರಿರಿಪೋರ್ಟ್ ಅಂತ ಹೊಡೆದರೆ ಒಂದು ಪುಟ ತಯಾರಾಗುತ್ತೆ. ಹುಟ್ಟಿದಾಗ ಎಷ್ಟು ಶಕ್ತಿ ಇತ್ತು, ಈಗ ಎಷ್ಟು ಉಳಿದಿದೆ, ಎರಡೂ ಅದರಲ್ಲಿರುತ್ತೆ. ಟಿ480ಗೆ ಬ್ಯಾಟರಿ ಎರಡು, ಒಳಗೊಂದು ಹಿಂದೊಂದು, ಎರಡನ್ನೂ ನೋಡು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಪೆನ್‌ಡ್ರೈವ್‌ನಲ್ಲಿ ಒಯ್ಯಿ, ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ಅಂತ ಹೇಳುತ್ತೆ. ಟೈಪ್-ಸಿ ಎರಡರಲ್ಲೂ ಚಾರ್ಜ್ ಆಗಬೇಕು. ಕೀಬೋರ್ಡ್‌ನ ಎಲ್ಲಾ ಕೀ ಒತ್ತು, ನಾಚಿಕೆ ಪಡಬೇಡ.

ಆಮೇಲೆ ಆಫ್ ಮಾಡಿ, ಆನ್ ಮಾಡುವಾಗ ಎಫ್1 ಒತ್ತಿ ಬಯೋಸ್ ಒಳಗೆ ಹೋಗು. ಪಾಸ್‌ವರ್ಡ್ ಕೇಳಿದರೆ ಅಲ್ಲೇ ಕೆಳಗಿಟ್ಟು ಬಾ. ಥಿಂಕ್‌ಪ್ಯಾಡ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಸೆಲ್ ತೆಗೆದರೆ ಹೋಗುವಂಥದ್ದಲ್ಲ.

ಕೊನೇದು, ಇದನ್ನು ಯಾರೂ ಮಾಡಲ್ಲ. ಹೊಸ ವಿಂಡೋಸ್ ಅಂಗಡಿಯಲ್ಲೇ ಹಾಕಿಸಿ, ನಿನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟು ಮೊದಲ ಲಾಗಿನ್ ಪರದೆವರೆಗೂ ನೋಡು. ಒಬ್ಬರು ನನ್ನ ಹತ್ತಿರ ತಂದಿದ್ದರು, ಚಂದದ ಲ್ಯಾಪ್‌ಟಾಪ್. ನಾನು ಸ್ವಚ್ಛ ಮಾಡಿ ವಿಂಡೋಸ್ ಹಾಕಿದೆ. ವೈಫೈ ಕೊಟ್ಟ ತಕ್ಷಣ ಯಾವುದೋ ವಿದೇಶಿ ಕಂಪನಿಯ ಹೆಸರು, "ಸ್ವಾಗತ, ನಿಮ್ಮ ಆಫೀಸ್ ಮೇಲ್ ಹಾಕಿ" ಅಂತ. ಅದಕ್ಕೆ ಆಟೊಪೈಲಟ್ ಅಂತಾರೆ. ಆ ಕಂಪನಿಯವರು ತಮ್ಮ ಪಟ್ಟಿಯಿಂದ ಅದನ್ನು ತೆಗೆದಿರಲಿಲ್ಲ. ಅಂಗಡಿಯ ನಕಲು ವಿಂಡೋಸ್‌ನಲ್ಲಿ ಅದು ಕಾಣಿಸಿರಲಿಲ್ಲ. ಕದ್ದ ಮಾಲೋ, ಮರೆತ ಮಾಲೋ, ಯಾರಿಗೆ ಗೊತ್ತು.

ಎಫ್‌ಪಿಎಸ್ ಹುಚ್ಚ

ನೋಡಿದೆ ಕಾಕಾ. ನಾಲ್ಕು ಫೋಲ್ಡರ್ ಇವೆ. ಎರಡು ನಾನೇ ಹಾಕಿದ್ದು. ಇನ್ನೆರಡು ಯಾವುದು ಅಂತ ಗೊತ್ತಿಲ್ಲ.

ಸೋಲ್ಡರ್ ಕಾಕಾ

ಇವತ್ತು ರಾತ್ರಿ ಗೇಮ್ ಬೇಡ. ಫೋಟೊ, ಫೈಲ್ ಬ್ಯಾಕಪ್ ತಗೊಂಡು ಮಲಗು. ಡಾಟ್ ಇಎಕ್ಸ್‌ಇ, ಅಂದರೆ ಪ್ರೋಗ್ರಾಮ್ ಫೈಲ್, ಒಂದನ್ನೂ ಬ್ಯಾಕಪ್‌ನಲ್ಲಿ ಹಾಕಬೇಡ.

ಗದಗ ಪ್ರೆಸ್

ನೀವೆಲ್ಲ ವಿಂಡೋಸ್ 10 ಮುಗೀತು ಅಂತ ಅಳುತ್ತಿದ್ದೀರಿ. ನಮ್ಮಲ್ಲಿ ಇನ್ನೂ ವಿಂಡೋಸ್ 7 ಓಡ್ತಿದೆ ಅಂದರೆ ನಗ್ತೀರಿ.

ನಗೋಕೆ ಮುಂಚೆ ಕೇಳಿ. ನಮ್ಮದು ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಜಾತ್ರೆ ಪೋಸ್ಟರ್, ಸ್ಮರಣ ಸಂಚಿಕೆ. ಎಲ್ಲಾ ಹಳೆ ಕೆಲಸ ಪುಟ ಕೂರಿಸೋ ಪೇಜ್‌ಮೇಕರ್‌ನಲ್ಲಿ, ನುಡಿಯ ಹಳೆ ಆಸ್ಕಿ ಅಕ್ಷರಗಳಲ್ಲಿ. ಈಗ ಎಲ್ಲಾ ಕಡೆ ನಡೆಯೋ ಯುನಿಕೋಡ್ ಅಕ್ಷರಕ್ಕೆ ತಿರುಗಿಸೋಕೆ ಕನ್ವರ್ಟರ್ ಇದೆ, ಮ್ಯಾಟರ್ ಬರುತ್ತೆ. ಆದರೆ ಕೂರಿಸಿದ ಪುಟ ಬರಲ್ಲ. ಇಪ್ಪತ್ತು ವರ್ಷದ ಹಿಂದೆ ಅಪ್ಪನ ಮದುವೆ ಪತ್ರಿಕೆ ಮಾಡಿಸಿದ ಮನೆಯವರೇ ಮಗನ ಮದುವೆಗೆ "ಅದೇ ಥರಾ ಬೇಕು" ಅಂತ ಬರ್ತಾರೆ ರೀ. ಅಪ್ಪನದು ಅಲ್ಲ, ಅಣ್ಣನದು ಅಂತ ಓದಿಕೊಳ್ಳಿ, ಲೆಕ್ಕ ತಪ್ಪಿತು.

ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತಿದೆ ಅಂತ ಗೊತ್ತು. ನಾವು ಮಾಡಿದ್ದು ಸರಳ. ಆ ಮಷೀನಿನ ನೆಟ್ ವೈರ್ ಕಿತ್ತು, ಪೋರ್ಟಿಗೆ ಗಮ್ ಟೇಪ್ ಹಚ್ಚಿದೆವು. ಹೊಸ ಹುಡುಗರು ಬಂದು ಚುಚ್ಚಬಾರದು ಅಂತ. ಉಳಿದ ದಾರಿ ಪೆನ್‌ಡ್ರೈವ್ ಒಂದೇ. ಗಿರಾಕಿ ಪೆನ್‌ಡ್ರೈವ್ ಅದಕ್ಕೆ ಹಾಕೋ ಹಾಗಿಲ್ಲ. ಮುಂದಿನ ಟೇಬಲ್‌ನ ಹೊಸ ಕಂಪ್ಯೂಟರ್‌ಗೆ ಹಾಕಿ, ಸ್ಕ್ಯಾನ್ ಮಾಡಿ, ಮ್ಯಾಟರ್ ಅಷ್ಟೇ ನಮ್ಮ ಕೆಂಪು ಪೆನ್‌ಡ್ರೈವ್‌ಗೆ ತಗೊಂಡು ಒಳಗೆ. ಮೊದಲು ಫೋಲ್ಡರ್ ಎಲ್ಲಾ ಶಾರ್ಟ್‌ಕಟ್ ಆಗೋ ವೈರಸ್ ತಿಂಗಳಿಗೊಮ್ಮೆ ಬರ್ತಿತ್ತು. ಕೆಂಪು ಪೆನ್‌ಡ್ರೈವ್ ಬಂದ ಮೇಲೆ ಬಂದಿಲ್ಲ.

ನನಗೆ ಹೆದರಿಕೆ ವೈರಸ್‌ದಲ್ಲ, ಮದರ್‌ಬೋರ್ಡ್‌ದು. ಅದೇ ಮಾಡೆಲ್ ಇನ್ನೊಂದು ಹುಡುಕಿ ಅಟ್ಟದ ಮೇಲೆ ಇಟ್ಟಿದ್ದೇನೆ. ಕಾಕಾ, ಹೊಸ ಕಂಪ್ಯೂಟರ್ ಒಳಗೇ ಹಳೇದರ ಥರ ಓಡೋ ವರ್ಚುವಲ್ ಮಷೀನ್ ಒಳಗೆ ಹಾಕಿದರೆ ಹೇಗೆ?

ಸೋಲ್ಡರ್ ಕಾಕಾ

ಆಗುತ್ತೆ ಸರ್. ಪೂರ್ತಿ ಡಿಸ್ಕ್ ಇಮೇಜ್ ತೆಗೆದು, ಹೊಸ ಮಷೀನ್‌ನಲ್ಲಿ ವರ್ಚುವಲ್‌ಬಾಕ್ಸ್ ಒಳಗೆ ಎಬ್ಬಿಸಬಹುದು. ನೆಟ್‌ವರ್ಕ್ ಅಡಾಪ್ಟರ್ ಆಫ್ ಇಡಿ, ನಿಮ್ಮ ಗಮ್ ಟೇಪ್ ಕೆಲಸ ಅದೇ ಮಾಡುತ್ತೆ. ಪೇಜ್‌ಮೇಕರ್‌ನಿಂದ ಪಿಡಿಎಫ್ ಆದರೆ ಸಾಕಲ್ವಾ, ಪ್ರಿಂಟರ್ ಅದಕ್ಕೆ ಕಾಣಬೇಕಾಗಿಲ್ಲ. ಆದರೂ ಹಳೆ ಮಷೀನ್ ಆರು ತಿಂಗಳು ಎಸೆಯಬೇಡಿ.

ಬ್ಯಾಡಗಿ ಲೆಕ್ಕ

ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿಯ ಲೆಕ್ಕ ಬರೆಯೋನು. ಸೀಸನ್ ಶುರುವಾದರೆ ಬಿಲ್ ಹೊಡೆಯೋಕೆ ಸೀನೋಕೂ ಬಿಡುವಿಲ್ಲ, ಅಂದರೆ ಸೀನು ಬರೋದು ಮಾತ್ರ ಬಿಡಲ್ಲ. ಕೀಬೋರ್ಡ್ ಒಳಗೆಲ್ಲ ಖಾರಪುಡಿ. ಸಿಪಿಯು ಫ್ಯಾನ್ ಬಿಚ್ಚಿದರೆ ಒಂದು ಸಾರಿಗಾಗುವಷ್ಟು ಸಿಗುತ್ತೆ. ಎಸ್‌ಎಸ್‌ಡಿ ಹಾಕಿ ವರ್ಷಕ್ಕೆ ಎರಡು ಸಲ ಬ್ಲೋವರ್ ಹೊಡೆಯೋದು ಬಿಟ್ಟರೆ ಹಾರ್ಡ್‌ವೇರ್ ಬಗ್ಗೆ ನನಗೆ ಬೇರೆ ಗೊತ್ತಿಲ್ಲ.

ಒಂದು ಹೇಳ್ತೀನಿ. ನಮ್ಮ ಸಾಲಿನ ಒಂದು ಅಂಗಡಿಯಲ್ಲಿ ಟ್ಯಾಲಿ ಡೇಟಾಕ್ಕೆ ದಿನಾ ಬ್ಯಾಕಪ್ ಆಗ್ತಿತ್ತು. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ. ಒಂದು ದಿನ ಬೆಳಿಗ್ಗೆ ಎಲ್ಲಾ ಫೈಲ್ ಹೆಸರಿನ ಬಾಲಕ್ಕೆ ಏನೋ ಅಕ್ಷರ ಸೇರಿಕೊಂಡಿದೆ, ತೆರೆಯಲ್ಲ. ಡಾಲರ್ ಕೇಳೋ ಚೀಟಿ ಒಂದು. ಹಾರ್ಡ್‌ಡಿಸ್ಕ್ ದಿನಪೂರ್ತಿ ಚುಚ್ಚಿಕೊಂಡೇ ಇತ್ತಲ್ಲ, ಅದರೊಳಗಿನದೂ ಹಾಗೇ ಆಗಿದೆ. ದುಡ್ಡು ಕೊಡಲಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಮೊದಲೇ ತುಂಬಿದ್ದ ರಿಟರ್ನ್‌ನಿಂದ ಒಂದಷ್ಟು ಬಿಲ್ ಹುಡುಕಿ ತೆಗೆದರು. ಉಳಿದದ್ದು ಕಾಗದದ ಬಿಲ್ ಪುಸ್ತಕದಿಂದ, ಇಬ್ಬರು ಹುಡುಗರು ಎರಡು ತಿಂಗಳು ಕೂತು.

ಅವತ್ತಿನಿಂದ ನಮ್ಮಲ್ಲಿ ಹಾರ್ಡ್‌ಡಿಸ್ಕ್ ಎರಡು. ಬ್ಯಾಕಪ್ ಆದ ಕೂಡಲೇ ಕಿತ್ತುಬಿಡೋದು. ಒಂದು ಅಂಗಡಿಯ ತಿಜೋರಿಯಲ್ಲಿ, ಒಂದು ಮಾಲೀಕರ ಮನೆಯಲ್ಲಿ, ವಾರಕ್ಕೊಮ್ಮೆ ಅದಲು ಬದಲು. ತಿಂಗಳಿಗೊಮ್ಮೆ ಒಂದನ್ನು ಬೇರೆ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ ನೋಡುತ್ತೇನೆ. ಮೊದಲ ಸಲ ನೋಡಿದಾಗ ಫೋಲ್ಡರ್ ಖಾಲಿ ಇತ್ತು, ನಾನು ತಪ್ಪು ದಾರಿ ಕೊಟ್ಟಿದ್ದೆ. ನೋಡದೇ ಇದ್ದಿದ್ದರೆ?

ಫೋನಿನದೂ ಒಂದು ಮಾತು. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಅಂತ ಎಪಿಕೆ ಫೈಲ್ ಬರ್ತಿವೆ. ಒತ್ತಿ ಹಾಕಿಕೊಂಡು ಎಸ್‌ಎಂಎಸ್ ಓದೋ ಪರ್ಮಿಷನ್ ಕೊಟ್ಟರೆ ಬ್ಯಾಂಕಿನ ಒಟಿಪಿ ಅವರಿಗೇ ಹೋಗುತ್ತೆ. ಕರೆಯೋಲೆ ಅಂದರೆ ಫೋಟೊ ಇರುತ್ತೆ, ಪಿಡಿಎಫ್ ಇರುತ್ತೆ, ಇನ್‌ಸ್ಟಾಲ್ ಮಾಡೋದು ಏನಿರುತ್ತೆ? ದುಡ್ಡು ಹೋದರೆ ಬ್ಯಾಂಕಿಗೆ ಓಡೋಕೂ ಮುಂಚೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ.

ಮಾಸ್ತರ್ 58

ಎಲ್ಲಾ ಓದಿದೆ. ನಾನು ನಿವೃತ್ತ ಮಾಸ್ತರ, ಧಾರವಾಡ. ಪಾಸ್‌ವರ್ಡ್‌ಗಳನ್ನು ಒಂದು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಮಗ ನೋಡಿದಾಗಲೆಲ್ಲ ಬೈಯುತ್ತಾನೆ, ಪಾಸ್‌ವರ್ಡ್ ಮ್ಯಾನೇಜರ್ ಹಾಕ್ಕೊಳ್ಳಿ ಅಂತಾನೆ. ನಾನು ಮಾಡುತ್ತಿರುವುದು ಅಷ್ಟು ದೊಡ್ಡ ತಪ್ಪೇ?

ಸಪ್ತಾಪುರ ಪಿಜಿ

ಸರ್, ಡೈರಿ ಕಳೆದುಹೋದರೆ?

ಮಾಸ್ತರ್ 58

ತಂಗಿ, 1991ರಿಂದ ಅದೇ ಬೀರುವಿನಲ್ಲಿದೆ. ಬೀರುವಿನ ಕೀ ನನ್ನ ಹೆಂಡತಿ ಹತ್ತಿರ.

ಸೋಲ್ಡರ್ ಕಾಕಾ

ನಾನು ಮಾಸ್ತರ ಕಡೆ. ರಷ್ಯಾದಲ್ಲಿ ಕೂತವನು ಧಾರವಾಡದ ಬೀರು ತೆಗೆಯೋಕೆ ಆಗಲ್ಲ. ಡೈರಿ ಕೆಟ್ಟದ್ದಲ್ಲ, ಡೈರಿ ಇದೆ ಅಂತ ಎಲ್ಲಾ ಕಡೆ ಒಂದೇ ಪಾಸ್‌ವರ್ಡ್ ಇಡೋದು ಕೆಟ್ಟದ್ದು. ಬ್ಯಾಂಕಿಗೆ ಬೇರೆ, ಮೇಲ್‌ಗೆ ಬೇರೆ ಇದೆಯಾ ಸರ್? ಇದ್ದರೆ ಮಗನಿಗೆ ಹೇಳಿ, ಕಾಕಾ ಪಾಸ್ ಮಾಡಿದ ಅಂತ.

ಮ್ಯಾನೇಜರ್‌ನ ಒಂದು ಅನುಕೂಲ ಡೈರಿಗಿಲ್ಲ. ಬಿಟ್‌ವಾರ್ಡನ್ ಥರದ್ದು ಸೈಟಿನ ವಿಳಾಸ ನೋಡಿ ಪಾಸ್‌ವರ್ಡ್ ತುಂಬುತ್ತೆ. ಬ್ಯಾಂಕಿನ ಹೆಸರಿನಲ್ಲಿ ಒಂದಕ್ಷರ ಬದಲಿಸಿದ ನಕಲಿ ಸೈಟು ಬಂದರೆ ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಅದು ತುಂಬಲ್ಲ. ತುಂಬಲಿಲ್ಲ ಅಂದರೆ ಕೈಯಿಂದ ಹೊಡೆಯೋಕೆ ಹೋಗಬೇಡಿ, ನಿಂತು ವಿಳಾಸ ಓದಿ.

ಆ ಡೈರಿಯಲ್ಲಿ ಇನ್ನೆರಡು ಬರೆದಿಡಿ. ಮೇಲ್‌ನ ಬ್ಯಾಕಪ್ ಕೋಡ್‌ಗಳು, ಫೋನ್ ಕಳೆದರೆ ಬೇಕು. ಎರಡನೇದು ಬಿಟ್‌ಲಾಕರ್ ಕೀ, ವಿಂಡೋಸ್ ಡಿಸ್ಕ್‌ಗೆ ಹಾಕೋ ಬೀಗದ್ದು. ಈಗಿನ ವಿಂಡೋಸ್ 11 ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಹೊಸದಾಗಿ ಹಾಕಿದರೆ ಎಷ್ಟೋ ಮಷೀನ್‌ನಲ್ಲಿ ಡಿಸ್ಕ್ ತಾನಾಗಿ ಲಾಕ್ ಆಗುತ್ತೆ. ಒಳ್ಳೇದು, ಬಸ್ಸಿನಲ್ಲಿ ಕಳೆದುಹೋದರೂ ಫೋಟೊ ಯಾರಿಗೂ ಸಿಗಲ್ಲ. ಆದರೆ ನನ್ನ ಟೇಬಲ್‌ಗೆ ಬೋರ್ಡ್ ಸುಟ್ಟು ಬಂದಾಗ 48 ಅಂಕಿಯ ಕೀ ಕೇಳುತ್ತೆ. "ಅದೇನ್ರೀ ಅದು?" ಅಂತ ನನ್ನ ಮುಖ ನೋಡ್ತಾರೆ. ಬೋರ್ಡ್ ನಾನು ರಿಪೇರಿ ಮಾಡಬಲ್ಲೆ, ಆ 48 ಅಂಕಿ ನನ್ನ ಹತ್ತಿರ ಇಲ್ಲ.

ಚಿಗರಿಯಲ್ಲಿ ನಿಂತವ

ಎಲ್ಲಾ ಓದ್ತಿದ್ದೇನೆ. ಮಧ್ಯೆ ಒಂದು ಸಣ್ಣ ಪ್ರಶ್ನೆ. ಹಳೆ ಡೆಸ್ಕ್‌ಟಾಪ್ ಕ್ಯಾಬಿನೆಟ್ ಮುಟ್ಟಿದರೆ ಝುಂ ಅನ್ನುತ್ತೆ, ಚಪ್ಪಲಿ ಇಲ್ಲದೆ ಇದ್ದಾಗ. ಅದಕ್ಕೆ ಎಸ್‌ಎಸ್‌ಡಿ ಹಾಕಿ ಅಪ್ಪನಿಗೆ ಬಿಡೋಣ ಅಂತಿದ್ದೇನೆ. ಬೋರ್ಡ್ ಹೋಗಿದೆಯಾ?

ಸೋಲ್ಡರ್ ಕಾಕಾ

ಬೋರ್ಡ್ ಅಲ್ಲ, ಮನೆಯ ಅರ್ಥಿಂಗ್ ಹೋಗಿದೆ. ಕಂಪ್ಯೂಟರ್‌ಗೆ ಕರೆಂಟ್ ಕೊಡೋ ಎಸ್‌ಎಂಪಿಎಸ್ ಡಬ್ಬಿ ಒಳಗೆ ಫೇಸ್‌ನಿಂದ ಕ್ಯಾಬಿನೆಟ್‌ಗೆ ಒಂದು, ನ್ಯೂಟ್ರಲ್‌ನಿಂದ ಕ್ಯಾಬಿನೆಟ್‌ಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತೆ. ಅರ್ಥ್ ಸರಿ ಇದ್ದರೆ ಆ ಸೋರಿಕೆ ಭೂಮಿಗೆ ಹೋಗುತ್ತೆ. ಇಲ್ಲದಿದ್ದರೆ ಕ್ಯಾಬಿನೆಟ್ 230 ವೋಲ್ಟ್‌ನ ಅರ್ಧ, ನೂರಾ ಹದಿನೈದರ ಹತ್ತಿರ ತೇಲುತ್ತಿರುತ್ತೆ. ಕರೆಂಟ್ ತೀರಾ ಕಡಿಮೆ, ಅದಕ್ಕೇ ಬರೀ ಝುಂ. ಆದರೆ ಅರ್ಥ್ ಇಲ್ಲದ ಮನೆಯಲ್ಲಿ ಗೀಸರ್ ಕೆಟ್ಟರೆ ಝುಂ ಅಲ್ಲ. ನಾಳೆಯೇ ಎಲೆಕ್ಟ್ರಿಷಿಯನ್ ಕರೆಸು, ಲ್ಯಾಪ್‌ಟಾಪ್ ಆಮೇಲೆ.

ಮೇ ತಿಂಗಳ ಗುಡುಗು ಮಳೆಗೂ ಅದೇ ಅರ್ಥ್ ಬೇಕು. ಸಿಡಿಲಿಗೆ ಬೋರ್ಡ್ ಸುಟ್ಟು ಬರೋದರಲ್ಲಿ ಕರೆಂಟ್ ವೈರಿಗಿಂತ ನೆಟ್ ಕೇಬಲ್‌ನಿಂದ ಬಂದದ್ದೇ ನನ್ನಲ್ಲಿ ಜಾಸ್ತಿ. ಕಂಬದಿಂದ ಕಂಬಕ್ಕೆ ತಾಮ್ರದ ಕೇಬಲ್ ಎಳೆದಿದ್ದರೆ ಗುಡುಗು ಶುರುವಾದಾಗ ಅದನ್ನೂ ಕಿತ್ತಿಡು. ಫೈಬರ್ ಆದರೆ ಆ ಚಿಂತೆ ಕಡಿಮೆ.

ಚಿಗರಿಯಲ್ಲಿ ನಿಂತವ

ಹನ್ನೆರಡು ದಿನದ ಮೇಲೆ ಬಂದೆ. ಆದದ್ದನ್ನು ಹೇಳ್ತೀನಿ.

ಅರ್ಥ್ ಮೊದಲು. ಎಲೆಕ್ಟ್ರಿಷಿಯನ್ ಸ್ವಿಚ್‌ಬೋರ್ಡ್ ಬಿಚ್ಚಿದರೆ ಅರ್ಥ್ ವೈರ್ ಇತ್ತು, ಚಂದ ಸುತ್ತಿ ಒಳಗಿಟ್ಟಿದ್ದರು, ಎಲ್ಲಿಗೂ ಸೇರಿಸಿರಲಿಲ್ಲ. ಹನ್ನೊಂದು ವರ್ಷದಿಂದ.

ಟಿ480 ತಗೊಂಡೆ. ಪೆನ್‌ಡ್ರೈವ್ ಮನೆಯಿಂದಲೇ ಮಾಡಿಕೊಂಡು ಹೋಗಿದ್ದೆ. "ನಮ್ಮ ವಿಂಡೋಸ್ ಬ್ಯಾಡ್ರೀ?" ಅಂತ ಅಂಗಡಿಯವರು ಕೇಳಿದರು. ಬೇಡ, ಇಲ್ಲೇ ಕೂತು ನಾನೇ ಹಾಕ್ಕೋತೀನಿ ಅಂದೆ. ಮುಖ ಸಣ್ಣ ಮಾಡಿದರು, ಆದರೂ ಒಂದು ಸ್ಟೂಲ್ ಕೊಟ್ಟರು. ಮೊದಲು ತೋರಿಸಿದ ಪೀಸ್‌ನಲ್ಲಿ ಎಫ್1 ಒತ್ತಿದರೆ ಪಾಸ್‌ವರ್ಡ್ ಕೇಳಿತು. ಕಾಕಾ, ನಿಮ್ಮನ್ನೇ ನೆನೆಸಿಕೊಂಡೆ. ಎರಡನೇ ಪೀಸ್ ಸರಿ ಇತ್ತು. ಒಳಗಿನ ಬ್ಯಾಟರಿ ಮುಕ್ಕಾಲು ಭಾಗ ಉಳಿದಿದೆ, ಹಿಂದಿನದು ಅರ್ಧಕ್ಕಿಂತ ಕಡಿಮೆ. ಅದನ್ನು ತೋರಿಸಿ 1,000 ಇಳಿಸಿದೆ.

ವಿಂಡೋಸ್ ಹಾಕಿ ಹಾಟ್‌ಸ್ಪಾಟ್ ಕೊಟ್ಟೆ. ಯಾವ ಕಂಪನಿಯೂ ಸ್ವಾಗತ ಮಾಡಲಿಲ್ಲ. ಸೆಟ್ಟಿಂಗ್ಸ್ ತೆಗೆದು ನೋಡಿದರೆ ಆಕ್ಟಿವೇಟ್ ಆಗಿದೆ, ಡಿಜಿಟಲ್ ಲೈಸೆನ್ಸ್. ಅಂಗಡಿಯ ಹುಡುಗ ನನ್ನ ಹೆಗಲ ಮೇಲಿಂದ ಇಣುಕಿ, "ಕ್ರ್ಯಾಕ್ ಹಾಕ್ಲಾರ್ದನ ಆತಲ್ರೀ?" ಅಂದ. ಅವನಿಗೆ ನಿಜವಾಗಲೂ ಗೊತ್ತಿರಲಿಲ್ಲ. ಪೆನ್‌ಡ್ರೈವ್ ಮಾಡೋದು ಹೇಗೆ ಅಂತ ಬರೆದುಕೊಂಡ.

ತಂಗಿ 48 ಅಂಕಿಯನ್ನು ಅವಳ ನೋಟ್‌ಬುಕ್ ಕೊನೆ ಪುಟದಲ್ಲಿ ಬರೆದಳು. ನಾನು ಅಮ್ಮನ ಬೀರುವಿನಲ್ಲೂ ಒಂದು ಚೀಟಿ ಇಟ್ಟೆ, ಮಾಸ್ತರ್ ಪದ್ಧತಿ.

ಹಳೆ ಡೆಸ್ಕ್‌ಟಾಪ್‌ಗೆ 240 ಜಿಬಿ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗೋ ಲಿನಕ್ಸ್ ಮಿಂಟ್ 22 ಹಾಕಿದೆ. 2029ರವರೆಗೂ ಅಪ್‌ಡೇಟ್ ಇದೆ. ಚಹಾ ಕಾಸೋಕೆ ಈಗ ಟೈಮ್ ಸಿಗಲ್ಲ. ಅಪ್ಪನಿಗೆ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ಹುಡುಕಿ ಹಾಕಿಕೊಟ್ಟೆ, ನುಡಿಯದೇ ಕೈಚಳಕ, ಒತ್ತಕ್ಷರಕ್ಕೆ ಎಫ್. ಹಳೆ ನುಡಿ ಪತ್ರಗಳನ್ನು ಒಂದೊಂದಾಗಿ ಯುನಿಕೋಡ್ ಮಾಡಬೇಕು, ಅದಿನ್ನೂ ಬಾಕಿ.

ಅಪ್ಪ ಎರಡು ದಿನ ಮಾತಾಡದೆ ಬಳಸಿದರು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿದರು, "ಎಲ್ಲಾ ಚಲೋ ಐತಿ. ಆ ಇಸ್ಪೀಟ್ ಆಟ ಎಲ್ಲಿ ಹೋತು?"

ಎಫ್‌ಪಿಎಸ್ ಹುಚ್ಚ

ಅಣ್ಣಾ, ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಸಲ್‌ರಿಯಾಟ್ ಅಂತ ಹುಡುಕಿ. ಅಲ್ಲೇ ಸಿಗುತ್ತೆ, ಫ್ರೀ. ಕ್ರ್ಯಾಕ್ ಬೇಡ.